ಬಾಯಿ ತುಂಬ ಗುಂಡುಸೂಜಿ

ಪೇಟೆಯ ದೊಡ್ಡ ರಸ್ತೆಯಲ್ಲಿದ್ದ ಆ ಹೊಲಿಗೆ ಅಂಗಡಿಯ ಅರ್ಧದಷ್ಟು ಗಿರಾಕಿಗಳು ನನ್ನ ದೊಡ್ಡಮ್ಮನಿಗೆ ಮಾತೇ ಬರುವುದಿಲ್ಲ ಎಂದು ತಿಳಿದಿದ್ದರು. ಇದನ್ನು ಕೇಳಿದರೆ ನಮ್ಮ ಬೀದಿಯವರು ಬಿದ್ದು ಬಿದ್ದು ನಕ್ಕಾರು. ಮನೆಯಲ್ಲಿ ಅವಳ ಬಾಯಿಗೆ ಎದುರು ನಿಂತವರಿಲ್ಲ. ಹಾಲಿನವನಿಂದ ಹಿಡಿದು ದೊಡ್ಡಪ್ಪನವರೆಗೆ ಎಲ್ಲರ ಚಳಿ ಬಿಡಿಸುವ ಬಾಯಿ ಅದು. ಅಂಗಡಿಯ ಹೊಸ್ತಿಲು ದಾಟಿದಳೋ, ಮೌನಗೌರಿ. ಕಾರಣ ಬೇರೇನಲ್ಲ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ, ದೊಡ್ಡಮ್ಮನಿಗೆ ಇಂಗ್ಲಿಷ್ ಎಂದರೆ ಕೈಕಾಲು ಬಿದ್ದುಹೋಗುತ್ತಿತ್ತು.

ಅದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಗಿರಾಕಿ ಟ್ರಯಲ್ ರೂಮಿಗೆ ಬರುವುದು ಪರದೆಯ ಸಂದಿಯಲ್ಲಿ ಕಂಡ ತಕ್ಷಣ ಒಂದು ಹಿಡಿ ಗುಂಡುಸೂಜಿ ತೆಗೆದು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡುಬಿಡುವಳು. ಬಾಯಿ ತುಂಬ ಸೂಜಿ ಇಟ್ಟುಕೊಂಡವಳನ್ನು ಯಾರು ತಾನೆ ಮಾತಾಡಿಸುತ್ತಾರೆ? ಗಿರಾಕಿ ಹೇಳುವುದು, ಇವಳು ತಲೆಯಾಡಿಸುವುದು, ಒಂದೊಂದೇ ಸೂಜಿ ತೆಗೆದು ಬಟ್ಟೆಗೆ ಚುಚ್ಚುವುದು. ಸೂಜಿ ಮುಗಿಯುವುದರೊಳಗೆ ಟ್ರಯಲ್ ಮುಗಿದಿರಬೇಕು, ಅದೇ ಅವಳ ಲೆಕ್ಕಾಚಾರ. ದೊಡ್ಡಪ್ಪ ಅವಳಿಗೆ ಗುಂಡುಸೂಜಿ ಎಂದೇ ಹೆಸರಿಟ್ಟಿದ್ದರು. ಆಳು ಗಿಡ್ಡ, ತಲೆ ದುಂಡಗೆ, ಚುಚ್ಚುವುದರಲ್ಲಿ ಎತ್ತಿದ ಕೈ. ಹೆಸರು ಹೊಂದುತ್ತಿತ್ತು ಬಿಡಿ.

ನಾನು ಆಗ ಕಾಲೇಜಿಗೆ ಹೋಗುವುದಕ್ಕಾಗಿ ಅವರ ಮನೆಯಲ್ಲಿದ್ದೆ. ಮೂರು ಕೋಣೆಯ ಮಹಡಿ ಮನೆ, ಕೆಳಗೆ ಸೈಕಲ್ ರಿಪೇರಿ ಅಂಗಡಿ. ದೊಡ್ಡಪ್ಪ ಬಸ್ ಡ್ರೈವರು. ಮಕ್ಕಳಿಲ್ಲದ ಮನೆಯಲ್ಲಿ ನನಗೆ ಮುದ್ದಿಗೂ ಬೈಗುಳಕ್ಕೂ ಕೊರತೆ ಇರಲಿಲ್ಲ.

ದೊಡ್ಡಮ್ಮನಿಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಕಸುಬಿನ ಇಂಗ್ಲಿಷ್ ಮಾತ್ರ. ಟೇಕ್ ಇನ್ ಎಂದರೆ ದೊಗಲೆಯಾದದ್ದನ್ನು ಹಿಡಿದು ಬಿಗಿ ಮಾಡು. ಲೆಟ್ ಔಟ್ ಎಂದರೆ ಒಳಗೆ ಮಡಿಚಿಟ್ಟ ಬಟ್ಟೆ ಬಿಟ್ಟು ಅಗಲ ಮಾಡು. ಟೇಕ್ ಅಪ್ ಎಂದರೆ ಕೆಳಗಿನ ಅಂಚು ಮೇಲಕ್ಕೆ ಮಡಿಚಿ ಗಿಡ್ಡ ಮಾಡು. ಲೆಟ್ ಡೌನ್ ಎಂದರೆ ಅದೇ ಮಡಿಕೆ ಬಿಚ್ಚಿ, ಇಳಿಬಿಟ್ಟು, ಉದ್ದ ಮಾಡು. ಇಷ್ಟರಲ್ಲೇ ಅವಳು ಅಷ್ಟು ವರ್ಷ ಸಂಸಾರ ತೂಗಿಸಿದ್ದಳು. ಕತ್ತರಿ ಹಿಡಿದರೆ ಅವಳ ಕೈ ತಪ್ಪುತ್ತಿರಲಿಲ್ಲ, ಆ ಟ್ರಯಲ್ ರೂಮೇ ಅವಳ ರಾಜ್ಯ. ನಿಲುವುಗನ್ನಡಿ, ಗಿರಾಕಿ ನಿಲ್ಲುವ ಮರದ ಮಣೆ, ಗೋಡೆಯ ಮೊಳೆಯಲ್ಲಿ ನೇತಾಡುವ ಹಳದಿ ಟೇಪು. ಆ ಟೇಪು ಬೆಳಿಗ್ಗೆ ಅವಳ ಕುತ್ತಿಗೆಗೆ ಬಿದ್ದರೆ ಸಂಜೆಯೇ ಇಳಿಯುತ್ತಿದ್ದುದು.

ಹೀಗಿರುವಾಗ ಪಿಯಾನೊ ಬಾರಿಸುವ ಒಬ್ಬ ಹೆಂಗಸು ಬಂದರು. ಊರಿನ ಸಭಾಂಗಣದಲ್ಲಿ ಅವರೊಬ್ಬರದೇ ಮೊದಲ ಸಂಗೀತ ಕಚೇರಿ, ಅದಕ್ಕೆಂದು ಹೊಲಿಸಿದ ನೀಲಿ ಗೌನು. ಆಳು ಎತ್ತರ, ಗೌನು ಕಣಕಾಲಿನ ಮೇಲೆ ನಿಂತಿತ್ತು. ಲೆಟ್ ಡೌನ್ ಮಾಡಿ ಎಂದು ಪಾದ ತೋರಿಸಿ ಹೋದರು. ದೊಡ್ಡಮ್ಮ ಅಂಚು ಬಿಚ್ಚಿ, ಇಳಿಸಿ, ಹಳೆಯ ಮಡಿಕೆಯ ಗೀರು ಕಾಣದಂತೆ ಇಸ್ತ್ರಿ ಹೊಡೆದು, ಹೊಸ ಹೊಲಿಗೆ ಹಾಕಿ ಇಟ್ಟಳು.

ಕಚೇರಿಯ ಹಿಂದಿನ ದಿನ ಅಂಗಡಿಯ ಫೋನು ಹೊಡೆದುಕೊಂಡಿತು. ಅಂಗಡಿಯ ಯಜಮಾನರು ಊಟಕ್ಕೆ ಹೋಗಿದ್ದರು. ದೊಡ್ಡಮ್ಮ ಅಭ್ಯಾಸಬಲದಿಂದ ಸೂಜಿ ಬಾಯಿಗಿಟ್ಟುಕೊಂಡೇ ಫೋನ್ ಎತ್ತಿದಳಂತೆ, ಆಮೇಲೆ ಫೋನಿಗೆ ಸೂಜಿ ಕಾಣುವುದಿಲ್ಲ ಎಂದು ಹೊಳೆದು ಉಗಿದಳಂತೆ. ಆ ಕಡೆಯಿಂದ ಪಿಯಾನೊದವರ ಗಾಬರಿಯ ದನಿ: ‘ಪ್ಲೀಸ್, ಡೋಂಟ್ ಲೆಟ್ ಮಿ ಡೌನ್.’

ದೊಡ್ಡಮ್ಮನಿಗೆ ಗೊತ್ತಿದ್ದ ಲೆಟ್ ಡೌನ್ ಒಂದೇ. ಡೋಂಟ್ ಎಂದರೆ ಬೇಡ ಎಂಬುದೂ ಗೊತ್ತು. ಇವರಿಗೆ ಈಗ ಉದ್ದ ಬೇಡವಂತೆ, ಇಳಿಸಬಾರದಂತೆ ಎಂದು ಅವಳು ತಿಳಿದಳು. ಮನಸ್ಸಿನಲ್ಲಿ ಗೊಣಗಿಕೊಂಡಳು, ಆದರೆ ಗಿರಾಕಿ ಹೇಳಿದ ಮೇಲೆ ಮುಗಿಯಿತು. ‘ಯೆಸ್ ಮೇಡಮ್, ನೋ ಲೆಟ್ ಡೌನ್’ ಎಂದು ಗಟ್ಟಿಯಾಗಿ ಮಾತು ಕೊಟ್ಟಳು. ಆ ಕಡೆಯವರಿಗೆ ಸಮಾಧಾನವಾಯಿತು, ಈ ಕಡೆಯವಳಿಗೆ ಇಂಗ್ಲಿಷಿನಲ್ಲಿ ಫೋನ್ ಮಾತಾಡಿದ ಹೆಮ್ಮೆ. ಇಬ್ಬರೂ ಖುಷಿಯಾಗಿ ಫೋನ್ ಇಟ್ಟರು. ಆಮೇಲೆ ದೊಡ್ಡಮ್ಮ ಕೂತು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿ ಅಂಚನ್ನು ಮತ್ತೆ ಮೊದಲಿನಷ್ಟೇ ಮೇಲಕ್ಕೆ ಮಡಿಚಿ ಹೊಲಿದು, ಡಬ್ಬಿಗೆ ಹಾಕಿ ಕಳಿಸಿದಳು.

ಆ ಹೆಂಗಸು ಡಬ್ಬಿ ತೆರೆದದ್ದು ವೇದಿಕೆಯ ಹಿಂದೆ. ಬೇರೆ ಗೌನಿಲ್ಲ, ಸಮಯವಿಲ್ಲ. ಕಣಕಾಲು ಕಾಣುವ ಗೌನಿನಲ್ಲೇ, ಯಾರದೋ ಅಂಗಿ ಎರವಲು ತಂದವರ ಹಾಗೆ, ಊರಿನೆದುರು ಹೋಗಿ ಕೂತರು. ಮಾರನೆಯ ದಿನ ಅಂಗಡಿಗೆ ಬಂದು ಗೌನನ್ನು ಮೇಜಿನ ಮೇಲಿಟ್ಟು, ದನಿ ಏರಿಸದೆ, ಕಣ್ಣಲ್ಲಿ ನೀರು ತುಂಬಿಕೊಂಡು ದೊಡ್ಡಮ್ಮನಿಗೆ ಹೇಳಿದರು: ‘ಯೂ ಲೆಟ್ ಮಿ ಡೌನ್.’

ಅವಳಿಗೆ ಎಲ್ಲಿಲ್ಲದ ಉತ್ಸಾಹ. ಸುಳ್ಳು ಆಪಾದನೆ ಅಲ್ಲವೆ? ಗೌನಿನ ಅಂಚು ಎತ್ತಿ ಹಿಡಿದು, ನಗುನಗುತ್ತ, ‘ನೋ ಮೇಡಮ್, ನೋ ಲೆಟ್ ಡೌನ್, ಸೀ’ ಎಂದು ತೋರಿಸಿದಳು. ಆ ಹೆಂಗಸು ಒಂದು ಗಳಿಗೆ ಅವಳ ಮುಖವನ್ನೇ ನೋಡಿ, ತಿರುಗಿ ಹೊರಟುಹೋದರು. ತನ್ನನ್ನು ಗೇಲಿ ಮಾಡಿದಳು ಎಂದುಕೊಂಡರೋ ಏನೋ.

ಯಜಮಾನರು ಕೆಟ್ಟವರಲ್ಲ, ಆದರೆ ಗಿರಾಕಿಗಳ ವಿಷಯದಲ್ಲಿ ಪುಕ್ಕಲು. ವಿಷಯವನ್ನು ಬಿಡಿಸಿ ಹೇಳಿದ್ದು ಅವರೇ. ಲೆಟ್ ಡೌನ್ ಎಂದರೆ ನಂಬಿದವರಿಗೆ ನಿರಾಸೆ ಮಾಡುವುದು ಅಂತಲೂ ಇದೆ, ಹಾಗೆ ಮಾಡಬೇಡಿ ಎಂದೇ ಆಕೆ ಬೇಡಿಕೊಂಡಿದ್ದು ಎಂದರು. ದೊಡ್ಡಮ್ಮನ ಮುಖದಲ್ಲಿ ರಕ್ತವಿಲ್ಲ. ಅವರು ಅವಳ ಕುತ್ತಿಗೆಯಿಂದ ಟೇಪು ತೆಗೆದು ತಮ್ಮ ಕುತ್ತಿಗೆಗೆ ಹಾಕಿಕೊಂಡರು. ಇನ್ನು ಟ್ರಯಲ್ ನಾನೇ ನೋಡಿಕೊಳ್ಳುತ್ತೇನೆ, ನೀವು ಹಿಂದಿನ ಕೋಣೆಯಲ್ಲಿ ಕಾಜಾ ಮಷೀನಿಗೆ ಕೂತುಕೊಳ್ಳಿ ಎಂದರು. ಕಾಜಾ ಎಂದರೆ ಗುಂಡಿ ತೂರುವ ಕಿಂಡಿ ಹೊಲಿಯುವ ಕೆಲಸ. ನಿನ್ನೆ ಮೊನ್ನೆ ಕಸುಬಿಗೆ ಬಂದವರಿಗೆ ಕೊಡುವಂಥದ್ದು. ಜೊತೆಗೆ ಒಂದು ಮಾತನ್ನೂ ಸೇರಿಸಿದರು:

‘ಬಾಯಲ್ಲಿ ಸೂಜಿ ಇಲ್ದೆ ಒಂದು ಟ್ರಯಲ್ ಮುಗ್ಸಿ ತೋರ್ಸಿ ಅಮ್ಮ. ಅವತ್ತು ಈ ಟೇಪು ನಿಮ್ದು. ಅಲ್ಲೀವರೆಗೂ ಕಾಯ್ತೀನಿ ಅಂತ ಮಾತ್ರ ಹೇಳಲ್ಲ, ಇಂಗ್ಲಿಷ್ ಬರೋರು ಯಾರಾದ್ರೂ ಸಿಕ್ರೆ ಸೇರಿಸ್ಕೋತೀನಿ.’

ಅವತ್ತು ಸಂಜೆ ದೊಡ್ಡಮ್ಮ ಯಾರಿಗೂ ಬಯ್ಯಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಊಟಕ್ಕೆ ಕೂತಾಗ ಅವಳು ತಾನೇ ಎಲ್ಲ ಹೇಳಿದಳು, ಹೇಳುತ್ತ ಅತ್ತಳು. ಕೆಲಸ ಕೆಳಗಾದದ್ದಕ್ಕಿಂತ, ಆ ಹೆಂಗಸಿನ ಎದುರು ತಾನು ನಕ್ಕದ್ದು ಅವಳನ್ನು ಹೆಚ್ಚು ಸುಡುತ್ತಿತ್ತು. ದೊಡ್ಡಪ್ಪನಿಗೆ ಸಮಾಧಾನ ಮಾಡುವುದು ಬರುವುದಿಲ್ಲ, ಮಾತು ಬದಲಿಸುವುದಷ್ಟೇ ಬರುತ್ತದೆ. ಅವರು ತಮ್ಮ ಗೋಳು ತೆಗೆದರು:

‘ನಂದೂ ಇವತ್ತು ಅದೇ ಕತೆ. ಸೇತುವೆ ಹತ್ತಿರ ಬಸ್ಸು ಕೈ ಕೊಡ್ತು.’

ದೊಡ್ಡಮ್ಮ ಸೆರಗೋ ಕರವಸ್ತ್ರವೋ ನೋಡದೆ ನನ್ನ ಟವೆಲಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದವಳು, ತಟ್ಟನೆ ತಲೆಯೆತ್ತಿದಳು.

‘ಏನ್ ಕೊಡ್ತು?’

‘ಕೈ ಕೊಡ್ತು ಕಣೆ. ಎಂಜಿನ್ನು ನಿಂತೋಯ್ತು.’

‘ಬಸ್ಸಿಗೆ ಎಲ್ಲಿದೆ ರೀ ಕೈ?’

ದೊಡ್ಡಪ್ಪ ನನ್ನ ಮುಖ ನೋಡಿದರು. ಪಾಪ, ದುಃಖಕ್ಕೆ ತಲೆ ಕೆಟ್ಟಿತೆಂದು ಹೆದರಿದರು. ಅವಳ ತಲೆ ಅಂದಿನಷ್ಟು ಸರಿಯಾಗಿ ಎಂದೂ ಓಡಿರಲಿಲ್ಲ. ಬಸ್ಸಿಗೆ ಕೈಯಿಲ್ಲ, ಆದರೂ ಕೈ ಕೊಡುತ್ತದೆ. ನಂಬಿದ ಮನುಷ್ಯ ಕೈ ಕೊಟ್ಟರೆ ಅವನು ಕೈ ಚಾಚಿದ ಎಂದು ಯಾರೂ ತಿಳಿಯುವುದಿಲ್ಲ. ಕೈ ಕೊಡುವುದು ಬೇರೆ, ಕೈ ಹಿಡಿಯುವುದು ಬೇರೆ, ಕೈ ಬಿಡುವುದು ಬೇರೆ, ಕೈ ಎತ್ತುವುದು ಬೇರೆ. ಅದೇ ಕೈ, ಪಕ್ಕದಲ್ಲಿ ಕೂತ ಮಾತು ಬದಲಾದರೆ ಅರ್ಥ ಊರು ಬಿಟ್ಟು ಹೋಗುತ್ತದೆ. ಅವಳು ಬೆರಳು ಮಡಿಚುತ್ತ ಇದನ್ನೆಲ್ಲ ನಮಗೆ ಒಪ್ಪಿಸಿ, ಕೊನೆಗೆ ಹೇಳಿದಳು:

‘ಆಯಮ್ಮ ಕನ್ನಡ ಕಲ್ತು, ನಾನು ಕೈ ಕೊಡಬೇಡಿ ಅಂದಿದ್ರೆ, ಅವರೂ ಕೈ ಹಿಂದೆ ಕಟ್ಕೊಂಡು ನಿಂತಿರೋರು. ನಂದು ದಡ್ಡತನ ಅಲ್ಲ ಕಣೆ. ನನಗೆ ಒಂದು ಲೆಟ್ ಡೌನ್ ಗೊತ್ತಿತ್ತು, ಇನ್ನೊಂದು ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಂಡ್ರಾಯ್ತು.’

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಇಂಗ್ಲಿಷ್ ಕಾಟ.

ಕಾಜಾ ಮಷೀನಿನ ಕೋಣೆಗೂ ಟ್ರಯಲ್ ರೂಮಿಗೂ ನಡುವೆ ಇದ್ದದ್ದು ಒಂದು ಪರದೆ. ಶಿಕ್ಷೆಗೆಂದು ಕೂರಿಸಿದ ಜಾಗವೇ ಅವಳಿಗೆ ಪಾಠಶಾಲೆಯಾಯಿತು. ಕಾಲಿನಿಂದ ಮಷೀನು ತುಳಿಯುತ್ತ ಕಿವಿಯನ್ನು ಪರದೆಗೆ ಒಡ್ಡುವಳು. ಕಿವಿಗೆ ಬಿದ್ದ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಉರುಹೊಡೆಯುತ್ತ ಬಂದು, ಚಪ್ಪಲಿ ಕಳಚುವ ಮೊದಲೇ ನನ್ನ ಮುಂದೆ ಸುರಿಯುವಳು. ನಾನು ಡಿಕ್ಷನರಿ ನೋಡಬೇಕು, ಅರ್ಥ ಹೇಳಬೇಕು. ನನಗೆ ಪರೀಕ್ಷೆ ಹತ್ತಿರವಿದೆ ಎಂದರೆ, ನಿಂದು ವರ್ಷವರ್ಷ ಬರತ್ತೆ, ನಂದು ಒಂದೇ ಸಲ ಎನ್ನುವಳು.

ಒಂದು ಸಂಜೆ ಬಂದವಳೇ ಉಲ್ಲನ್ ದಾರ ಹುಡುಕತೊಡಗಿದಳು. ಮದುವೆಯ ಕೋಟು ಅಳತೆ ಕೊಡಲು ಬಂದ ಹುಡುಗನೊಬ್ಬ ಗೆಳೆಯನ ಹತ್ತಿರ, ತನಗೆ ಕೋಲ್ಡ್ ಫೀಟ್ ಆಗಿದೆ ಎಂದು ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಪಾಪ, ಮದುಮಗ, ಪಾದ ತಣ್ಣಗಿದ್ದರೆ ಹೇಗೆ, ಒಂದು ಜೊತೆ ಕಾಲುಚೀಲ ಹೆಣೆದುಕೊಡುತ್ತೇನೆ ಎಂದಳು. ಕೋಲ್ಡ್ ಫೀಟ್ ಎಂದರೆ ಮದುವೆಗೆ ಹೆದರಿ ಹಿಂದೇಟು ಹಾಕುವುದು ಎಂದು ಓದಿ ಹೇಳಿದಾಗ ದೊಡ್ಡಪ್ಪ ಬಾಯಲ್ಲಿದ್ದ ಚಹಾ ಹೊರಗೆ ಚೆಲ್ಲಿದರು. ದೊಡ್ಡಮ್ಮ ಮಾತ್ರ ದಾರ ಕೆಳಗಿಡಲಿಲ್ಲ. ಹೆದರಿದವನಿಗೂ ಕಾಲುಚೀಲ ಬೇಕಾಗುತ್ತದೆ ಎಂದು ಹೆಣೆದೇ ತೀರಿದಳು. ಅದು ಕೊನೆಗೆ ದೊಡ್ಡಪ್ಪನ ಪಾಲಾಯಿತು.

ಪುಲ್ಲಿಂಗ್ ಮೈ ಲೆಗ್ ಎಂದರೆ ನಮ್ಮ ಕಾಲೆಳೆಯುವುದೇ ಎಂದು ತಿಳಿದ ದಿನ ಅವಳಿಗೆ ಕಳೆದುಹೋದ ನೆಂಟರು ಸಿಕ್ಕಷ್ಟು ಸಂತೋಷ. ಇದೊಂದನ್ನು ನಮ್ಮಿಂದಲೇ ಕದ್ದಿರಬೇಕು ಎಂದು ತೀರ್ಪು ಕೊಟ್ಟಳು. ಪುಟ್ ಅಪ್ ವಿತ್ ಎಂದರೆ ಸಹಿಸಿಕೊಂಡು ಬಾಳುವುದು ಎಂದಾಗ, ಗಂಡನ ಕಡೆ ನೋಡಿ, ಇಷ್ಟು ಕಷ್ಟದ ಕೆಲಸಕ್ಕೆ ಮೂರು ಪದ ಸಾಲದು ಎಂದಳು. ಟೇಕ್ ಇನ್ ಎಂಬುದಕ್ಕೆ ಮೋಸ ಮಾಡು ಎಂಬ ಅರ್ಥವೂ ಇದೆ ಎಂದಾಗಲಂತೂ ಬಹಳ ಹೊತ್ತು ಯೋಚಿಸಿದಳು.

‘ನಮ್ಮೋರು ಮೋಸ ಮಾಡೋವಾಗ ಟೋಪಿ ಹಾಕ್ತಾರೆ. ಅವರು ಬಟ್ಟೆ ಬಿಗಿ ಮಾಡ್ತಾರೆ. ಎರಡು ಕಡೇನೂ ಕೆಟ್ಟ ಹೆಸರು ದರ್ಜಿಗೇ ನೋಡು.’

ಎಲ್ಲಕ್ಕಿಂತ ಅವಳನ್ನು ಗೋಳುಹೊಯ್ದುಕೊಂಡದ್ದು ಆಫ್ ಎಂಬ ಒಂದು ಪದ. ನಮಗೆ ಆಫ್ ಎಂದರೆ ದೀಪ ಆರಿಸುವುದು, ಪಂಪು ನಿಲ್ಲಿಸುವುದು. ಹೀಗಿರುವಾಗ ಅಲಾರಂ ವೆಂಟ್ ಆಫ್ ಎಂದರೆ ಅಲಾರಂ ಹೊಡೆದುಕೊಂಡಿತು ಎಂದು ಅರ್ಥವಂತೆ. ದೊಡ್ಡಪ್ಪ ಇದನ್ನು ಸುತರಾಂ ಒಪ್ಪಲಿಲ್ಲ. ಡಿಕ್ಷನರಿ ಅಚ್ಚು ಮಾಡಿದವರು ತಪ್ಪು ಮಾಡಿದ್ದಾರೆ ಎಂದು ವಾದಿಸಿ, ಎರಡು ದಿನ ನನ್ನ ಮೇಲೆ ಮುನಿಸಿಕೊಂಡರು. ದೊಡ್ಡಮ್ಮ ವಾದಕ್ಕೆ ಹೋಗಲಿಲ್ಲ. ಮನೆಗೆ ಬಂದ ಸೊಸೆಯ ಸ್ವಭಾವ ಹೀಗೇ ಯಾಕೆ ಎಂದು ಕೇಳಿದರೆ ಉತ್ತರವಿದೆಯೇ, ಹೊಂದಿಕೊಂಡು ಹೋಗಬೇಕು ಎಂದಳು. ಅವಳಿಗೆ ಈ ಮಾತುಗಳೆಲ್ಲ ವ್ಯಾಕರಣವಾಗಿರಲಿಲ್ಲ, ನೆಂಟರಾಗಿದ್ದವು. ಗೆಟ್ ಎಂಬುವವಳು ಹತ್ತು ಮನೆ ಸುತ್ತುವ ಹೆಂಗಸು, ಪುಟ್ ಎಂಬುವವನು ಯಾರ ಜೊತೆ ಸೇರಿದರೆ ಅವರ ಬುದ್ಧಿ ಕಲಿಯುವವನು.

ರಜೆಯ ದಿನ ಬೆಳಿಗ್ಗೆ ಅಭ್ಯಾಸ. ದೊಡ್ಡಪ್ಪ ಮರದ ಸ್ಟೂಲಿನ ಮೇಲೆ ನಿಲ್ಲಬೇಕು, ಹಾಸಿಗೆಯ ಹೊದಿಕೆಯನ್ನು ಗೌನಿನ ಹಾಗೆ ಸುತ್ತಿಕೊಳ್ಳಬೇಕು, ಗಿರಾಕಿಯಾಗಿ ಇಂಗ್ಲಿಷಿನಲ್ಲಿ ಗದರಬೇಕು. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಬಸ್ಸಿನೊಳಗೆ ಬರೆದಿರುವಷ್ಟೇ. ಹೀಗಾಗಿ ನಮ್ಮ ಮನೆಯ ಗಿರಾಕಿ ಮಾತೆತ್ತಿದರೆ ನೋ ಸ್ಮೋಕಿಂಗ್ ಎನ್ನುತ್ತಿತ್ತು, ಎಮರ್ಜೆನ್ಸಿ ಎಕ್ಸಿಟ್ ಎನ್ನುತ್ತಿತ್ತು. ದೊಡ್ಡಮ್ಮ ಬಗ್ಗದೆ, ಶಾಂತವಾಗಿ, ಶಲ್ ಐ ಟೇಕ್ ಇಟ್ ಇನ್ ಎಂದು ಕೇಳುವಳು. ಬಾಯಲ್ಲಿ ಸೂಜಿ ಇಲ್ಲ. ಸೂಜಿಗೆಂದು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸಣ್ಣ ಹತ್ತಿಯ ದಿಂಬು ಹೊಲಿದುಕೊಂಡಿದ್ದಳು. ಆದರೂ ತೊಡಕಿನ ಮಾತು ಬಂದಾಗ ಕೈ ತಾನಾಗಿ ಸೂಜಿ ಕಿತ್ತು ತುಟಿಯ ಹತ್ತಿರ ಒಯ್ಯುತ್ತಿತ್ತು. ಆಗ ನಾನು ಮೇಜು ಕುಟ್ಟಬೇಕು. ಅಷ್ಟು ವರ್ಷದ ರೂಢಿ, ಸುಲಭಕ್ಕೆ ಬಿಡುವುದಿಲ್ಲ.

ಒಂದು ದಿನ ಅವಳು ಬಾಡಿದ ಮುಖದಲ್ಲಿ ಬಂದಳು. ಯಜಮಾನರು ಟ್ರಯಲ್ ರೂಮಿಗೆ ಬೇರೆಯವರನ್ನು ನೋಡಿದ್ದಾರಂತೆ, ಇಂಗ್ಲಿಷ್ ಸಲೀಸಾಗಿ ಬರುತ್ತದಂತೆ, ಮುಂದಿನ ವಾರ ಬರುತ್ತಾರಂತೆ. ಯಜಮಾನರ ತಪ್ಪೇನೂ ಇರಲಿಲ್ಲ. ಅವರ ಸೊಂಟ ಬಗ್ಗುತ್ತಿರಲಿಲ್ಲ, ಸೂಜಿ ಚುಚ್ಚಿದರೆ ಗಿರಾಕಿಗಳು ಹೌಹಾರುತ್ತಿದ್ದರು. ದೊಡ್ಡಮ್ಮ ಟ್ರಯಲ್ ಕೊಡಿ ಎಂದು ಕೇಳಿದ್ದಳು. ಅವರು ಇನ್ನೊಂದು ಸಲ ಅಂಥ ಅವಾಂತರ ಆದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಕೈ ಮುಗಿದಿದ್ದರು. ಅವಳು ಸ್ಟೂಲನ್ನು ಎತ್ತಿ ಅಟ್ಟದ ಮೇಲಿಟ್ಟಳು. ದೊಡ್ಡಪ್ಪ ಆ ಸ್ಟೂಲನ್ನು ಇಳಿಸಿ ಮತ್ತೆ ಜಾಗದಲ್ಲಿಟ್ಟರು.

ಮುಂದಿನದ್ದನ್ನು ದೊಡ್ಡಮ್ಮ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿದ್ದೆ ಎನ್ನಿಸುತ್ತದೆ. ಆ ವಾರವೇ ಪಿಯಾನೊದವರು ಅಂಗಡಿಗೆ ಬಂದರು. ತೋಳಿನ ಮೇಲೆ ಒಂದು ಕಪ್ಪು ಮಖಮಲ್ಲಿನ ಗೌನು. ಅವರ ತಾಯಿಯದು, ತಾಯಿ ಈಗಿಲ್ಲ. ಅದನ್ನು ತನ್ನ ಅಳತೆಗೆ ಮಾಡಿಸಿಕೊಂಡು ಶುಕ್ರವಾರದ ಕಚೇರಿಗೆ ತೊಡಬೇಕು. ಬೇರೆ ಎರಡು ಕಡೆ ತೋರಿಸಿದರಂತೆ, ಹಳೆಯ ಮಖಮಲ್ಲು ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಆ ನೀಲಿ ಗೌನು ಗಿಡ್ಡವಾಗಿದ್ದರೂ ಅದರ ಹೊಲಿಗೆ ಮಾತ್ರ ತಾನು ಕಂಡದ್ದರಲ್ಲೇ ಚೆನ್ನಾಗಿತ್ತು ಎಂದು ನೆನಪಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಬಂದಿದ್ದರು.

ಯಜಮಾನರು ಟೇಪು ಹಿಡಿದು ಟ್ರಯಲ್ ರೂಮಿಗೆ ಹೋದರು. ಮಖಮಲ್ಲಿಗೆ ಕಂಡಕಂಡಲ್ಲಿ ಸೂಜಿ ಚುಚ್ಚಿದರೆ ತೂತಿನ ಗುರುತು ಉಳಿಯುತ್ತದೆ, ಒತ್ತಿದರೆ ಬೆರಳಚ್ಚು ಉಳಿಯುತ್ತದೆ. ಹೊಲಿಗೆಯ ಒಳಂಚಿನಲ್ಲಿ ದಾರದಿಂದ ಕಚ್ಚಾ ಹೊಲಿಗೆ ಹಾಕಿಯೇ ಅಳತೆ ಕೂರಿಸಬೇಕು. ಅವರು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಹಿಂದೆ ಸರಿದರು. ಪರದೆ ಸರಿಸಿ, ಕಾಜಾ ಮಷೀನಿನ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದವಳನ್ನು ನೋಡಿ, ಬನ್ನಿ ಎಂದರು.

ದೊಡ್ಡಮ್ಮನನ್ನು ಕಂಡದ್ದೇ ಪಿಯಾನೊದವರ ಮುಖ ಬಿಗಿದುಕೊಂಡಿತು. ಮಣೆಯ ಮೇಲೆ ನಿಂತರು, ಆದರೆ ಮಾತೆಲ್ಲ ಕನ್ನಡಿಯ ಜೊತೆ. ಇಲ್ಲಿ ಟೇಕ್ ಇನ್, ತೋಳಿನಡಿ ಲೆಟ್ ಔಟ್, ಈಚೆಗೆ ಸ್ವಲ್ಪ ಪುಟ್ ಆನ್ ಆಗಿದ್ದೇನೆ, ಅಂದರೆ ಮೈ ಬಂದಿದೆ. ಎಲ್ಲ ದೊಡ್ಡಮ್ಮನ ನೆಂಟರೇ. ಅವಳು ಹೂಂ ಎನ್ನುತ್ತ, ಎಷ್ಟು, ಎಲ್ಲಿ, ಉಸಿರೆಳೆದರೆ ಬಿಗಿಯಾಗುತ್ತದೆಯೇ ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳುತ್ತ ದಾರ ಹಾಕುತ್ತಿದ್ದಳು. ಪಿಯಾನೊ ಬಾರಿಸುವ ಹಾಗೆ ತೋಳು ಚಾಚಿ ತೋರಿಸಿ ಎಂದಳು. ಅವರು ಚಾಚಿದರು. ಬೆನ್ನಿನಲ್ಲಿ ಬಟ್ಟೆ ಎಳೆಯುತ್ತಿತ್ತು, ಅದನ್ನೂ ಬಿಡಿಸಿದಳು. ಕಡೆಗೆ ಉಳಿದದ್ದು ಅಂಚು, ತಾಯಿಯ ಗೌನೂ ಮಗಳಿಗೆ ಗಿಡ್ಡವೇ, ಇಳಿಸಬೇಕಿತ್ತು. ಆಗ ಪಿಯಾನೊದವರು ಶುಕ್ರವಾರ ಬಂದೇಬಿಟ್ಟಿತೆಂದು ನಿಟ್ಟುಸಿರು ಬಿಟ್ಟು ಹೇಳಿದರು: ‘ವಿ ಆರ್ ಕಟ್ಟಿಂಗ್ ಇಟ್ ಫೈನ್.’

ಈ ನೆಂಟನನ್ನು ದೊಡ್ಡಮ್ಮ ಕಂಡಿರಲಿಲ್ಲ. ಕಟ್ಟಿಂಗ್ ಗೊತ್ತು, ಫೈನ್ ಗೊತ್ತು. ಕಟ್ಟಿಂಗ್ ಚೆನ್ನಾಗಿದೆ ಎನ್ನುತ್ತಿದ್ದಾರೆಯೇ? ತಾನಿನ್ನೂ ಕತ್ತರಿಯನ್ನೇ ಮುಟ್ಟಿಲ್ಲವಲ್ಲ. ಸಣ್ಣಗೆ ಕತ್ತರಿಸು ಎನ್ನುತ್ತಿದ್ದಾರೆಯೇ? ಸತ್ತ ತಾಯಿಯ ಗೌನು, ಒಮ್ಮೆ ಕತ್ತರಿ ಆಡಿದರೆ ಮುಗಿಯಿತು. ಅವಳ ಬಲಗೈ ಮಣಿಕಟ್ಟಿನ ದಿಂಬಿನಿಂದ ಒಂದು ಸೂಜಿ ಕಿತ್ತಿತು, ತುಟಿಯವರೆಗೂ ಬಂತು. ತಲೆಯಾಡಿಸಿಬಿಟ್ಟರೆ ಆ ಕ್ಷಣ ದಾಟಿಹೋಗುತ್ತಿತ್ತು. ಯಜಮಾನರು ಪರದೆಯ ಪಕ್ಕದಿಂದ ನೋಡುತ್ತಲೇ ಇದ್ದರು.

ಅವಳು ಸೂಜಿಯನ್ನು ತಿರುಗಿ ದಿಂಬಿಗೆ ಚುಚ್ಚಿದಳು. ಎದ್ದು ನಿಂತಳು. ಅದು ನನಗೆ ಗೊತ್ತಿಲ್ಲ, ಹಾಗೆಂದರೆ ಏನು ಎಂದು ಇಂಗ್ಲಿಷಿನಲ್ಲಿ ನೇರ ಕೇಳಿದಳು.

ಪಿಯಾನೊದವರು ಅದೇ ಮೊದಲ ಸಲ ಕನ್ನಡಿ ಬಿಟ್ಟು ಅವಳ ಮುಖ ನೋಡಿದರು. ಸಮಯ ತೀರಾ ಕಡಿಮೆ ಉಳಿದಿದೆ ಎಂದರ್ಥ ಎಂದು ನಿಧಾನವಾಗಿ, ಗಡಿಯಾರ ತೋರಿಸಿ ಹೇಳಿದರು. ಓಹೋ, ಎಂದಳು ದೊಡ್ಡಮ್ಮ. ‘ಟೈಮ್ ಟೈಟ್. ಡ್ರೆಸ್ ನಾಟ್ ಟೈಟ್.’

ಅವರಿಗೆ ನಗು ಬಂತು, ತಡೆದುಕೊಂಡರು. ಆ ಹಳೆಯ ನೋವು ಇನ್ನೂ ಹಾಗೇ ಇತ್ತು. ಈ ಸಲವಾದರೂ ಲೆಟ್ ಮಿ ಡೌನ್ ಮಾಡುವುದಿಲ್ಲ ತಾನೆ ಎಂದು ಕೇಳಿಯೇಬಿಟ್ಟರು. ದೊಡ್ಡಮ್ಮ ಇಷ್ಟು ತಿಂಗಳು ಪರದೆಯ ಹಿಂದೆ ಕೂತು ಕಟ್ಟಿದ ಮಾತು ಅದಕ್ಕೆ ಉತ್ತರವಾಗಿ ಕಾದಿತ್ತು. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳಿದಳು:

‘ಮೇಡಮ್, ಲಾಸ್ಟ್ ಟೈಮ್ ಐ ಡಿಡ್ ನಾಟ್ ಲೆಟ್ ಡೌನ್ ದಿ ಡ್ರೆಸ್. ಸೋ ಐ ಲೆಟ್ ಡೌನ್ ಯೂ. ದಿಸ್ ಟೈಮ್, ಐ ಲೆಟ್ ಡೌನ್ ದಿ ಡ್ರೆಸ್. ನಾಟ್ ಯೂ.’

ಹೋದ ಸಲ ಬಟ್ಟೆ ಇಳಿಸಲಿಲ್ಲ, ಅದಕ್ಕೇ ನಿಮಗೆ ಕೈ ಕೊಟ್ಟೆ. ಈ ಸಲ ಬಟ್ಟೆ ಇಳಿಸುತ್ತೇನೆ, ಕೈ ಕೊಡುವುದಿಲ್ಲ. ಆ ಹೆಂಗಸು ಮಣೆಯ ಮೇಲೆ ನಿಂತಲ್ಲೇ ಗರಬಡಿದವರಂತಾದರು. ಫೋನಿನಲ್ಲಿ ತಾನಾಡಿದ ಮಾತು, ನೋ ಲೆಟ್ ಡೌನ್ ಎಂದು ಬಂದ ಗಟ್ಟಿ ಉತ್ತರ, ಮರುದಿನ ಅಂಚು ಎತ್ತಿ ತೋರಿಸಿದ ಆ ನಗುಮುಖ, ಒಂದೊಂದೇ ನೆನಪಾಗಿ ಜೋಡಿಕೊಂಡಿರಬೇಕು. ಆಮೇಲೆ ನಗು ಬಂತು ನೋಡಿ, ಕಚ್ಚಾ ಹೊಲಿಗೆ ಪಟಪಟ ಕಿತ್ತುಬರುವಷ್ಟು. ದೊಡ್ಡಮ್ಮ ಗದರಿದಳು. ಡೋಂಟ್ ಲಾಫ್, ಸ್ಟಿಚ್ ಗೋಯಿಂಗ್ ಎಂದಳು. ಅದು ಅವರನ್ನು ಇನ್ನಷ್ಟು ನಗಿಸಿತು. ಪರದೆಯ ಪಕ್ಕದಲ್ಲಿ ಯಜಮಾನರೂ ನಗುತ್ತಿದ್ದರು, ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದರು.

ಅಷ್ಟಾದರೂ ಟೇಪು ಅವತ್ತು ಅವರ ಕುತ್ತಿಗೆಯಲ್ಲೇ ಉಳಿಯಿತು. ಮಾತು ಗೆದ್ದಿರಿ, ಗೌನೂ ಗೆಲ್ಲಲಿ, ಹೊಸಬರಿಗೆ ಏನು ಹೇಳುವುದೆಂದು ಆಮೇಲೆ ನೋಡೋಣ ಎಂದರಂತೆ. ನ್ಯಾಯವೇ. ಗೌನು ಸಿದ್ಧವಾಗಿ ಪಿಯಾನೊದವರ ಕೈ ಸೇರಿತು. ಶುಕ್ರವಾರ ಕಚೇರಿಯೂ ಮುಗಿಯಿತು. ಶನಿವಾರ ಪಿಯಾನೊದವರು ಅಂಗಡಿಗೆ ಬರುತ್ತಾರೆಂದು ಗೊತ್ತಿತ್ತು. ಅಂದು ದೊಡ್ಡಪ್ಪ ಪಾಳಿ ಬದಲಿಸಿಕೊಂಡು ಮಧ್ಯಾಹ್ನದಿಂದಲೇ ಮನೆಯಲ್ಲಿ ಕೂತಿದ್ದರು. ಕಿಟಕಿ, ಬಾಗಿಲು, ಕಿಟಕಿ, ಬಾಗಿಲು. ನಾನು ಪುಸ್ತಕ ತಲೆಕೆಳಗಾಗಿ ಹಿಡಿದಿದ್ದೆನೆಂದು ಅವರೇ ತೋರಿಸಿಕೊಟ್ಟರು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ದೊಡ್ಡಮ್ಮ ಒಳಗೆ ಬಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿಲ್ಲ. ಕೊರಳ ತುಂಬ ಶಾಲು ಬಿಗಿಯಾಗಿ ಸುತ್ತಿಕೊಂಡಿದ್ದಳು. ಕುರ್ಚಿಯಲ್ಲಿ ಕೂತು, ನೆಲ ನೋಡುತ್ತ ಹೇಳಿದಳು:

‘ಪಿಯಾನೊದವರು ಕೈ ಕೊಟ್ರು ರೀ.’

ದೊಡ್ಡಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟರು. ಇಷ್ಟೆಲ್ಲ ಮಾಡಿದ ಮೇಲೂನಾ ಎಂದು ಅವರು ಕೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

ದೊಡ್ಡಮ್ಮ ಬಲಗೈಯನ್ನು ಮುಂದೆ ಚಾಚಿ, ಅಂಗೈ ಬಿಚ್ಚಿ ತೋರಿಸಿದಳು.

‘ಹೂಂ. ಈ ಕೈಗೆ. ಅಂಗಡಿ ತುಂಬ ಜನ ಇದ್ರು, ಎಲ್ರ ಮುಂದೆ ಕೊಟ್ರು. ಕೊಟ್ಟು, ಹಿಡ್ಕೊಂಡು, ಚೆನ್ನಾಗಿ ಕುಲುಕಿದ್ರು.’

ಹೇಳಿ ಶಾಲು ಕಿತ್ತೆಸೆದಳು. ಕುತ್ತಿಗೆಯಲ್ಲಿ ಹಳದಿ ಟೇಪು. ಅಂಗಡಿಯಿಂದ ಮನೆಯವರೆಗೂ ಅದನ್ನು ಹಾಕಿಕೊಂಡೇ ನಡೆದು ಬಂದಿದ್ದಳು.

ದೊಡ್ಡಪ್ಪನಿಗೆ ಅರ್ಥವಾಗಲು ಎರಡು ಉಸಿರು ಹಿಡಿಯಿತು. ಅರ್ಥವಾದದ್ದೇ ಎದ್ದು ಬಂದು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಬಸ್ಸಿನ ಗೇರು ಅಲ್ಲಾಡಿಸುವ ಹಾಗೆ ಅಲ್ಲಾಡಿಸಿದರು. ಅಲ್ಲಾಡಿಸುತ್ತ ಅತ್ತರು, ನಮ್ಮ ಕಾಲೆಳೆದೆಯಲ್ಲೇ ಎಂದು ಬೈದರು. ನಾನು ದೊಡ್ಡಮ್ಮನ ಕುತ್ತಿಗೆಗೆ ಜೋತುಬಿದ್ದೆ, ಟೇಪು ಕೆನ್ನೆಗೆ ಒತ್ತುತ್ತಿತ್ತು.

‘ಸಾಕು, ಬಿಡಿ ರೀ ಕೈ’ ಎಂದಳು ದೊಡ್ಡಮ್ಮ. ‘ಒಲೆ ಹಚ್ಚಬೇಕು.’

‘ಈ ಜನ್ಮದಲ್ಲಿ ಬಿಡಲ್ಲ’ ಎಂದರು ದೊಡ್ಡಪ್ಪ. ಅವತ್ತು ಅಡುಗೆ ನಾನೇ ಮಾಡಿದೆ.